ಶೃಂಗೇರಿ ದಾಳಿ (1791)

ಮೂರನೆಯ ಆಂಗ್ಲೋ-ಮೈಸೂರು ಯುದ್ಧದ (1790-92) ನಡುವೆ ಮರಾಠರ ದಂಡಿನ ಒಂದು ತುಕಡಿ ತುಂಗಾ ತೀರದ ಶೃಂಗೇರಿಯ ಮೇಲೆ ಏಕಾಏಕಿ ಎರಗಿ, ಮಠವನ್ನು ಸೂರೆಮಾಡಿ, ಆಯುಧ ಹಿಡಿಯದ ಜನರನ್ನು ಕೊಂದ ಘಟನೆ.

ಆ ಯುದ್ಧ ಮೈಸೂರು ರಾಜ್ಯವನ್ನು ನಾಲ್ಕೂ ಕಡೆಯಿಂದ ಸುತ್ತಿಕೊಂಡಿತ್ತು. ದಕ್ಷಿಣದಲ್ಲಿ 1790ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಿಪ್ಪು ಸುಲ್ತಾನ ಗಜಲಹಟ್ಟಿ ಕಣಿವೆ ಇಳಿದು ಇಂಗ್ಲಿಷರ ಮೇಲೆ ಬಿದ್ದಿದ್ದ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಕೈಸೇರಿತು. ಉತ್ತರದಲ್ಲಿ ಮರಾಠ ಸರದಾರ ಪರಶುರಾಮ ಭಾವೂ ಪಟವರ್ಧನ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಧಾರವಾಡವನ್ನು ಗೆದ್ದ. ಆ ಬಳಿಕ ರಘುನಾಥರಾವ್ ಪಟವರ್ಧನನ ಕುದುರೆ ಪಡೆ ಬಿದನೂರು ಸೀಮೆಗೆ ನುಗ್ಗಿತು. ಅದರೊಂದಿಗಿದ್ದ ಪಿಂಡಾರಿಗಳಿಗೆ ಸಂಬಳವಿರಲಿಲ್ಲ, ಕೊಳ್ಳೆಯೇ ಅವರ ಕೂಲಿ. ಹೀಗೆ ಕಟ್ಟಿದ ದಂಡಿಗೆ ಶತ್ರುವಿನ ಕೋಟೆಗಿಂತ ಕಾವಲಿಲ್ಲದ ಊರೇ ಸುಲಭದ ಗುರಿ. ಬೆಂಗಳೂರನ್ನು ಕಾಯಲು ಕಿಲ್ಲೇದಾರನೂ ತೋಪುಗಳೂ ಇದ್ದವು, ಶೃಂಗೇರಿಯಲ್ಲಿ ಇದ್ದವರು ಅರ್ಚಕರು, ವಿದ್ಯಾರ್ಥಿಗಳು, ಊರ ಸಂಸಾರಗಳು.

ಆ ದಂಡು ಶೃಂಗೇರಿಗೆ ನುಗ್ಗಿದಾಗ ಅನೇಕರು ಸತ್ತರು, ಗಾಯಗೊಂಡರು. ಶಾರದೆಯ ವಿಗ್ರಹವನ್ನು ಪೀಠದಿಂದ ಕಿತ್ತರು. ಮಠಕ್ಕಾದ ನಷ್ಟವನ್ನು ಅರವತ್ತು ಲಕ್ಷವೆಂದು ಹೇಳಲಾಗಿದೆ. ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು ಘಟ್ಟ ಇಳಿದು ಕಾರ್ಕಳ ಸೇರಿದರು.

ಸ್ವಾಮಿಗಳು ಟಿಪ್ಪುವಿಗೆ ದೂರು ಬರೆದರು. ಅವನು ಕೊಲೆಗಾರರನ್ನು ಖಂಡಿಸಿ ಉತ್ತರಿಸಿದ, ವಿಗ್ರಹದ ಪುನಃಪ್ರತಿಷ್ಠೆಗಾಗಿ 200 ರಾಹತಿ ನಾಣ್ಯ ನಗದು, ಅಷ್ಟೇ ಬೆಲೆಯ ದವಸ ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಕಳಿಸಿದ. ಕನ್ನಡದಲ್ಲಿರುವ ಈ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು. ಅವು ಇಲ್ಲದಿದ್ದರೆ ಈ ದಾಳಿ ಯುದ್ಧಚರಿತ್ರೆಯ ಅಡಿಟಿಪ್ಪಣಿಯಾಗಿಯೂ ಉಳಿಯುತ್ತಿತ್ತೋ ಇಲ್ಲವೋ.

ಅಂದಿನಿಂದ ಚರ್ಚೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದೆ: ಟಿಪ್ಪು ನೆರವಾದದ್ದು ಭಕ್ತಿಯಿಂದಲೋ ರಾಜಕಾರಣದಿಂದಲೋ? ಹಿಂದೂ ದಂಡೊಂದು ಹಿಂದೂ ಮಠವನ್ನು ದೋಚಿದ್ದೂ, ಮುಸ್ಲಿಂ ಸುಲ್ತಾನ ಅದನ್ನು ಎತ್ತಿ ನಿಲ್ಲಿಸಿದ್ದೂ ಎರಡು ಪಕ್ಷಗಳ ವಾದಕ್ಕೂ ಸರಕಾಗಿವೆ. ದಾಳಿ ಮಾಡಿದವರು ಪಿಂಡಾರಿಗಳು, ಸರದಾರರು ಹೇಳಿ ಮಾಡಿಸಿದ್ದಲ್ಲ ಎಂಬ ಸಮರ್ಥನೆಯೂ ಇದೆ. ಅದನ್ನು ಒಪ್ಪಲಾಗದು. ಸಂಬಳ ಕೊಡದ ಪಡೆಯನ್ನು ಪರರ ನಾಡಿಗೆ ಕರೆತಂದವರೇ ಅದು ಮಾಡಿದ ಕೊಲೆಗಳಿಗೂ ಹೊಣೆ. ಆ ಪತ್ರಗಳನ್ನು ಕೈಗೆತ್ತಿಕೊಳ್ಳುವವರು ಸುಲ್ತಾನನ ಮನಸ್ಸನ್ನು ಅಳೆಯುವ ಮೊದಲು, ಸತ್ತವರ ಸುದ್ದಿಯಿರುವ ಸಾಲುಗಳನ್ನು ಓದಬೇಕು.