ಬಿಇ ನಂತರ ಸಿಸ್ಟಮ್ಸ್ ಎಂಜಿನಿಯರಿಂಗ್ ಎಂಟೆಕ್: ಅರ್ಜಿ ಯಾವಾಗ, ಎಲ್ಲಿ, ಯಾವ ಕಾಗದ ಬೇಕು?

ಮಧುಗಿರಿ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ, ಈಗ ಬಿಇ ಓದುವ ಮಕ್ಕಳಿಗೆ ಬರವಿಲ್ಲ. ತುಮಕೂರಿಗೋ ಬೆಂಗಳೂರಿಗೋ ಹೋಗಿ ನಾಲ್ಕು ವರ್ಷ ಓದಿ ಬಂದ ಮೇಲೆ ‘ಮುಂದೇನು?’ ಅನ್ನೋ ಪ್ರಶ್ನೆ ಏಳುತ್ತದೆ. ಎಂಟೆಕ್ ಮಾಡಬೇಕು ಅಂತ ಆಗ ಹೊರಟರೆ ಒಂದು ವರ್ಷ ಹೋದಂತೆಯೇ ಲೆಕ್ಕ. ಅರ್ಜಿಯ ಕೆಲಸ ಕೊನೇ ವರ್ಷದ ಆಗಸ್ಟ್‌ನಲ್ಲೇ ಶುರುವಾಗಿರುತ್ತದೆ. ಅದರಲ್ಲಿ ಅರ್ಧ ಕೆಲಸ ತಾಲ್ಲೂಕು ಕಚೇರಿಯಲ್ಲೇ ಇರುತ್ತದೆ.

ಏನಿದು ಸಿಸ್ಟಮ್ಸ್ ಎಂಜಿನಿಯರಿಂಗ್?

ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್ ಸಾಮರ್ಥ್ಯ. ಜಮೀನು ರೈತರಿಂದ ಗುತ್ತಿಗೆಗೆ ಪಡೆದದ್ದು. ಪ್ಯಾನಲ್ ಮಾಡೋನು ಒಬ್ಬ, ಇನ್ವರ್ಟರ್ ನೋಡೋನು ಇನ್ನೊಬ್ಬ, ಸಬ್‌ಸ್ಟೇಷನ್ ಮತ್ತೊಬ್ಬರದ್ದು. ಮೋಡ ಕವಿದರೆ ಉತ್ಪಾದನೆ ಇಳಿಯುತ್ತದೆ, ಸಂಜೆ ಬೇಡಿಕೆ ಏರುವ ಹೊತ್ತಿಗೆ ಬಿಸಿಲೇ ಇರುವುದಿಲ್ಲ. ಧೂಳು ತೊಳೆಯೋಣ ಅಂದರೆ ಪಾವಗಡದಲ್ಲಿ ನೀರಿಗೆ ಬರ. ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ನಡೆಯುವಂತೆ ಇಡೀ ವ್ಯವಸ್ಥೆಯನ್ನು ಲೆಕ್ಕ ಹಾಕಿ ವಿನ್ಯಾಸ ಮಾಡುವ ವಿದ್ಯೆಯೇ ಸಿಸ್ಟಮ್ಸ್ ಎಂಜಿನಿಯರಿಂಗ್. ವಿಮಾನ, ಹೆಲಿಕಾಪ್ಟರ್, ಉಪಗ್ರಹ, ರೈಲು ಸಿಗ್ನಲ್, ವಿದ್ಯುತ್ ಜಾಲ, ಎಲ್ಲ ಕಡೆಯೂ ಇದರ ಕೆಲಸ ಇದೆ.

ಎಲ್ಲಿ ಓದಬಹುದು?

ನಮ್ಮ ದೇಶದಲ್ಲಿ ಈ ಕೋರ್ಸ್ ಬೇರೆ ಬೇರೆ ಹೆಸರಲ್ಲಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ಎಂಟೆಕ್ ಇದೆ. ಬಾಂಬೆ ಐಐಟಿಯಲ್ಲಿ ಸಿಸ್ಟಮ್ಸ್ ಅಂಡ್ ಕಂಟ್ರೋಲ್ ಎಂಜಿನಿಯರಿಂಗ್ ಇದೆ. ಖರಗ್‌ಪುರ ಐಐಟಿಯಲ್ಲಿ ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗವೇ ಇದೆ. ವಿಟಿಯು ವ್ಯಾಪ್ತಿಯ ಕಾಲೇಜುಗಳಲ್ಲಿ ಹತ್ತಿರದ ವಿಷಯ ಅಂದರೆ ವಿಎಲ್‌ಎಸ್‌ಐ ಅಂಡ್ ಎಂಬೆಡೆಡ್ ಸಿಸ್ಟಮ್ಸ್, ಪವರ್ ಸಿಸ್ಟಮ್ಸ್. ಹೆಸರು ನೋಡಿ ಮೋಸ ಹೋಗಬಾರದು, ಸಿಲಬಸ್ ತೆಗೆದು ಓದಿಯೇ ತೀರ್ಮಾನಿಸಬೇಕು.

ದಾರಿ ಎರಡು: ಗೇಟ್ ಮತ್ತು ಪಿಜಿಸಿಇಟಿ

ಮೊದಲನೆಯದು ಗೇಟ್. ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಪರೀಕ್ಷೆ ಇದು. ಬಿಇ ಮೂರನೇ ವರ್ಷದಲ್ಲಿ ಇರುವವರೂ ಬರೆಯಬಹುದು. 3 ಗಂಟೆ, 65 ಪ್ರಶ್ನೆ, 100 ಅಂಕ. ಬಹು ಆಯ್ಕೆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಮೂರನೇ ಒಂದು ಭಾಗ ಅಂಕ ಕಡಿತ. ಉತ್ತರದ ಸಂಖ್ಯೆಯನ್ನು ತಾವೇ ಟೈಪ್ ಮಾಡುವ ಪ್ರಶ್ನೆಗೆ ಕಡಿತ ಇಲ್ಲ. ಫಲಿತಾಂಶ 3 ವರ್ಷ ಚಾಲ್ತಿಯಲ್ಲಿರುತ್ತದೆ. 2026ರ ಪರೀಕ್ಷೆಗೆ ಸಾಮಾನ್ಯ ಶುಲ್ಕ 2,000 ರೂ., ಮಹಿಳೆಯರು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲರಿಗೆ 1,000 ರೂ. ಇತ್ತು.

ಗೇಟ್‌ನಲ್ಲಿ ‘ಸಿಸ್ಟಮ್ಸ್’ ಅಂತ ಬೇರೆ ಪತ್ರಿಕೆ ಇಲ್ಲ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಶನ್, ಮೆಕ್ಯಾನಿಕಲ್ ಹೀಗೆ ತಾವು ಓದಿದ ವಿಷಯದಲ್ಲೇ ಬರೆಯಬೇಕು. ಯಾವ ಕೋರ್ಸಿಗೆ ಯಾವ ಪತ್ರಿಕೆ ನಡೆಯುತ್ತದೆ ಅನ್ನೋದನ್ನು ಅರ್ಜಿ ಹಾಕುವ ಮೊದಲೇ ಆಯಾ ಸಂಸ್ಥೆಯ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು.

ಎರಡನೆಯದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ. ರಾಜ್ಯದ ಕಾಲೇಜುಗಳ ಎಂಟೆಕ್ ಸೀಟಿಗೆ ಇದು. ಬಿಇಯಲ್ಲಿ ಶೇ 50, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ ಶೇ 45 ಅಂಕ ಬೇಕು. ಸೀಟು ಹಂಚುವಾಗ ಗೇಟ್ ಅರ್ಹತೆ ಇರುವವರಿಗೆ ಮೊದಲ ಆದ್ಯತೆ. ಆದರೆ ಅವರೂ ಪ್ರಾಧಿಕಾರದಲ್ಲಿ ಅರ್ಜಿ ಹಾಕಿರಲೇಬೇಕು.

ಗೇಟ್ ಬಿಟ್ಟರೆ ಸುಮಾರು 3 ಲಕ್ಷ ನಷ್ಟ

‘ಐಐಟಿ ನಮಗೆಲ್ಲಿ ಸಿಗತ್ತೆ, ಗೇಟ್ ಯಾಕೆ’ ಅನ್ನೋ ಮಾತು ಸಾಮಾನ್ಯ. ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ಗೇಟ್ ಅರ್ಹತೆಯೊಂದಿಗೆ ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಪೂರ್ಣಾವಧಿ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನ ಇದೆ. 24 ತಿಂಗಳಿಗೆ 2,97,600 ರೂ. ಕಾಲೇಜು ತುಮಕೂರಿನದಾದರೂ ಸರಿ. ಸೇರುವಾಗಲೇ ಗೇಟ್ ಅರ್ಹತೆ ಇರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಕಾಲೇಜು ಗಡುವಿನೊಳಗೆ ಹೆಸರು ದಾಖಲಿಸಬೇಕು. ಬರೀ ಪಿಜಿಸಿಇಟಿ ಬರೆದು ಸೇರಿದವರಿಗೆ ಈ ಹಣ ಬರುವುದಿಲ್ಲ.

ತಾಲ್ಲೂಕು ಕಚೇರಿಯ ಕಾಗದ: ಇಲ್ಲೇ ಎಡವುವುದು

ಪಿಜಿಸಿಇಟಿಗೆ ಆರ್‌ಡಿ ಸಂಖ್ಯೆ ಇರುವ ರಾಜ್ಯದ ಜಾತಿ, ಆದಾಯ ಪ್ರಮಾಣಪತ್ರ ನಡೆಯುತ್ತದೆ. ಐಐಟಿ, ವಿಜ್ಞಾನ ಸಂಸ್ಥೆ, ಸುರತ್ಕಲ್ ಎನ್‌ಐಟಿಗೆ ಅದು ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ‘ಕೇಂದ್ರದ ಒಬಿಸಿ’ ಎಂದು ಸ್ಪಷ್ಟವಾಗಿ ಕೇಳಬೇಕು.

2ಎ, 3ಎ ಇದ್ದ ಮಾತ್ರಕ್ಕೆ ಕೇಂದ್ರದಲ್ಲಿ ಒಬಿಸಿ ಎಂದಲ್ಲ. ಎರಡೂ ಪಟ್ಟಿ ಬೇರೆ ಬೇರೆ. ಕುಂಚಿಟಿಗ ಸಮುದಾಯವನ್ನು ಕೇಂದ್ರದ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ ಈ ಭಾಗದಲ್ಲಿ ವರ್ಷಗಳಿಂದ ಇರುವುದು ಇದೇ ಕಾರಣಕ್ಕೆ. ಉಪಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಪ್ರಯತ್ನಿಸಬಹುದು.

ಆದಾಯದ ಲೆಕ್ಕವೂ ಬೇರೆ. ಒಬಿಸಿ ಕೆನೆಪದರದ 8 ಲಕ್ಷದ ಮಿತಿಗೆ ಸಂಬಳ ಮತ್ತು ಬೇಸಾಯದ ಆದಾಯ ಸೇರಿಸುವುದಿಲ್ಲ, ಅಂಗಡಿ, ವ್ಯಾಪಾರದ ಆದಾಯ ಸೇರುತ್ತದೆ. ನೀರಾವರಿ ಜಮೀನು ಹೆಚ್ಚಿದ್ದವರಿಗೆ ಪ್ರತ್ಯೇಕ ನಿಯಮ ಇದೆ. ಇಡಬ್ಲ್ಯುಎಸ್‌ಗೆ ಎಲ್ಲ ಆದಾಯವೂ ಸೇರಿ 8 ಲಕ್ಷದೊಳಗೆ ಇರಬೇಕು. ಕುಟುಂಬದ ಪಹಣಿಯಲ್ಲಿ 5 ಎಕರೆ ಅಥವಾ ಹೆಚ್ಚು ಕೃಷಿ ಜಮೀನಿದ್ದರೆ, ಅದು ಮಳೆಯಾಶ್ರಿತವಾದರೂ, ಸಿಗುವುದಿಲ್ಲ.

ಒಬಿಸಿ ಪತ್ರ ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರದ್ದೇ ಇರಬೇಕು ಎಂದು ಕೇಳುತ್ತಾರೆ. ಸೀಟು ಹಂಚಿಕೆ ಮೇ ತಿಂಗಳಲ್ಲಿ ಶುರು. ಹಾಗಾಗಿ ಏಪ್ರಿಲ್ ಮೊದಲ ವಾರವೇ ಅರ್ಜಿ ಕೊಡುವುದು ಒಳ್ಳೆಯದು.

ಪಿಜಿಸಿಇಟಿಗೆ ಕರ್ನಾಟಕದಲ್ಲಿ 7 ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಗಡಿ ದಾಟಿ ಮಡಕಶಿರಾ, ಹಿಂದೂಪುರದಲ್ಲಿ ಕೆಲವು ವರ್ಷ ಓದಿದ ಪಾವಗಡ, ಮಧುಗಿರಿ ಭಾಗದ ಮಕ್ಕಳು ತಮ್ಮ ವರ್ಷಗಳ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ಸೀಟು ಬಂದಾಗ ಗಮನಿಸಬೇಕಾದ್ದು

ಐಐಟಿಗಳಿಗೆ ಒಂದೇ ಅರ್ಜಿ ಸಾಲದು. ಪ್ರತಿ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಬೇರೆ ಅರ್ಜಿ ಹಾಕಿ, ಜೊತೆಗೆ ಕೋಆಪ್ ಎಂಬ ಸಾಮಾನ್ಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು. ಸೀಟು ಬಂದರೆ ಅಲ್ಲೇ ಒಪ್ಪಬೇಕು, ಉಳಿಸಿಕೊಂಡು ಕಾಯಬೇಕು ಅಥವಾ ಬಿಡಬೇಕು. ಕೊಟ್ಟ ಗಡುವಿನೊಳಗೆ ಏನೂ ಒತ್ತದಿದ್ದರೆ ಸೀಟು ಹೋಗುತ್ತದೆ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಬೇರೆ ಕೌನ್ಸೆಲಿಂಗ್.

ಅರ್ಜಿಯನ್ನು ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ಮೊಬೈಲ್ ನಂಬರ್, ಇಮೇಲ್ ವಿದ್ಯಾರ್ಥಿಯದ್ದೇ ಇರಲಿ. ಸೆಂಟರ್‌ನವರ ನಂಬರ್ ಕೊಟ್ಟರೆ ಒಟಿಪಿ, ಸೀಟಿನ ಸಂದೇಶ ಎಲ್ಲ ಅವರಿಗೇ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬಿಇ ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ತರ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಈಗಲೇ ಸರಿಪಡಿಸಬೇಕು.

ಸಾಲ ಬೇಕಾದರೆ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ, ಜಾಮೀನು ಎರಡೂ ಬೇಡ. ತಂದೆ ಅಥವಾ ತಾಯಿ ಸಹ ಸಾಲಗಾರರಾಗುತ್ತಾರೆ. ಹಾಗಾಗಿ ಅಂಗಡಿ ಸಾಲದ ಕಂತು ಬಾಕಿ ಇದ್ದು ಸಿಬಿಲ್ ಅಂಕ ಬಿದ್ದಿದ್ದರೆ ಮಗಳ ಸಾಲಕ್ಕೆ ತೊಡಕಾಗಬಹುದು. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ.

ತಿಂಗಳ ಲೆಕ್ಕ ಹೀಗಿದೆ

- ಆಗಸ್ಟ್–ಸೆಪ್ಟೆಂಬರ್: ಗೇಟ್ ಅರ್ಜಿ. ಎಸ್‌ಸಿ, ಎಸ್‌ಟಿ ಶುಲ್ಕ ರಿಯಾಯಿತಿಗೆ ಪ್ರಮಾಣಪತ್ರ ಆಗಲೇ ಬೇಕು
- ಫೆಬ್ರವರಿ: ಗೇಟ್ ಪರೀಕ್ಷೆ
- ಫೆಬ್ರವರಿ–ಏಪ್ರಿಲ್: ವಿಜ್ಞಾನ ಸಂಸ್ಥೆ, ಐಐಟಿಗಳಿಗೆ ಅರ್ಜಿ. ಗೇಟ್ ಫಲಿತಾಂಶ ಮಾರ್ಚ್‌ನಲ್ಲಿ. ಅದಕ್ಕೆ ಕಾಯುತ್ತಾ ಕೂತರೆ ಕೆಲವು ಗಡುವು ಮುಗಿದುಹೋಗಬಹುದು
- ಏಪ್ರಿಲ್ ಮೊದಲ ವಾರ: ಹೊಸ ಒಬಿಸಿ, ಇಡಬ್ಲ್ಯುಎಸ್ ಪತ್ರಕ್ಕೆ ನಾಡಕಚೇರಿ
- ಮೇ–ಜುಲೈ: ಕೋಆಪ್, ಸಿಸಿಎಂಟಿ ಸುತ್ತುಗಳು
- ಪಿಜಿಸಿಇಟಿ: ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಪ್ರಾಧಿಕಾರದ ವೆಬ್‌ಸೈಟ್ ವಾರಕ್ಕೊಮ್ಮೆಯಾದರೂ ನೋಡಬೇಕು

ಮನೆಯಲ್ಲಿ ಬಿಇ ಮೂರನೇ ವರ್ಷದ ಮಗನೋ ಮಗಳೋ ಇದ್ದರೆ, ಈ ಪಟ್ಟಿಯನ್ನು ಬರೆದು ಅಂಗಡಿ ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡರೆ ಸಾಕು. ಓದುವುದು ಮಕ್ಕಳ ಕೆಲಸ. ನಾಡಕಚೇರಿಗೆ ಓಡಾಡುವ ಕೆಲಸವನ್ನು ಮನೆಯವರು ಹಂಚಿಕೊಳ್ಳಬಹುದು.