ಥಾಮಸ್ ಕುಕ್ (ಪ್ರವಾಸ ಸಂಸ್ಥೆ)

ಥಾಮಸ್ ಕುಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಅಂತಾರಾಷ್ಟ್ರೀಯ ಪ್ರವಾಸ ಸಂಸ್ಥೆ. ಇದರ ಇತಿಹಾಸವನ್ನು 1841ರ ಒಂದು ದಿನದ ರೈಲು ಪ್ರವಾಸದಿಂದ ಎಣಿಸಲಾಗುತ್ತದೆ. ಪ್ರಯಾಣ, ವಸತಿ, ಊಟಗಳಿಗೆ ಒಂದೇ ಕಡೆ ಮುಂಗಡವಾಗಿ ಹಣ ಕಟ್ಟಿ ಪ್ರವಾಸ ಹೊರಡುವ ಪದ್ಧತಿಯನ್ನು ಮಧ್ಯಮ ವರ್ಗದ ಜನರಿಗೆ ತಲುಪಿಸಿದ ಸಂಸ್ಥೆಗಳಲ್ಲಿ ಇದು ಅಗ್ರಗಣ್ಯವಾದುದು. ಆರಂಭವಾದ 178 ವರ್ಷಗಳ ಬಳಿಕ, 2019ರ ಸೆಪ್ಟೆಂಬರ್ 23ರಂದು, ಸಾಲದ ಹೊರೆಯಿಂದ ಬ್ರಿಟನ್ನಿನ ಮೂಲ ಸಂಸ್ಥೆ ಮುಚ್ಚಿಹೋಯಿತು. ಇದೇ ಹೆಸರಿನ ಭಾರತೀಯ ಕಂಪನಿಯು ಬೇರೆ ಒಡೆತನಕ್ಕೆ ಸೇರಿದ್ದು, ಕಾರ್ಯನಿರತವಾಗಿದೆ.

ಸ್ಥಾಪಕ ಮತ್ತು ಆರಂಭ

ಸ್ಥಾಪಕರಾದ ಥಾಮಸ್ ಕುಕ್ (1808–1892) ಡರ್ಬಿಶೈರ್ ಪ್ರಾಂತದ ಮೆಲ್ಬರ್ನ್ ಎಂಬ ಊರಿನ ಬಡ ಕುಟುಂಬದಲ್ಲಿ ಜನಿಸಿದರು. ಮರಗೆಲಸವನ್ನು ಕಲಿತ ಅವರು ಬ್ಯಾಪ್ಟಿಸ್ಟ್ ಪಂಥದ ಪ್ರಚಾರಕರಾಗಿಯೂ ಪಾನನಿರೋಧ ಚಳವಳಿಯ ಕಾರ್ಯಕರ್ತರಾಗಿಯೂ ದುಡಿದರು. 1841ರ ಜುಲೈ 5ರಂದು, ಮಿಡ್‌ಲ್ಯಾಂಡ್ ಕೌಂಟೀಸ್ ರೈಲ್ವೆಯ ಒಪ್ಪಿಗೆ ಪಡೆದು, ಸುಮಾರು 500 ಜನರನ್ನು ಲೆಸ್ಟರ್ ಪಟ್ಟಣದಿಂದ ಲಫ್‌ಬರೋದಲ್ಲಿ ನಡೆದ ಪಾನನಿರೋಧ ಸಭೆಗೆ ವಿಶೇಷ ರೈಲಿನಲ್ಲಿ ಕರೆದೊಯ್ದರು. ಒಬ್ಬರಿಗೆ ತಗುಲಿದ ವೆಚ್ಚ ಒಂದು ಷಿಲ್ಲಿಂಗ್. ಇಂತಹ ವಿಹಾರ ರೈಲುಗಳು ಇದಕ್ಕೂ ಮೊದಲು ಇದ್ದವು. ಆದರೆ ಅವುಗಳನ್ನು ವ್ಯವಸ್ಥಿತ ವೃತ್ತಿಯಾಗಿ ಬೆಳೆಸಿದ್ದು ಕುಕ್ ಅವರ ವಿಶೇಷತೆ.

ಲಾಭದ ಉದ್ದೇಶದಿಂದ ಅವರು ನಡೆಸಿದ ಮೊದಲ ಪ್ರವಾಸ 1845ರಲ್ಲಿ ಲಿವರ್‌ಪೂಲ್‌ಗೆ ಹೋಯಿತು. ಪ್ರವಾಸಿಗರಿಗೆಂದು ದಾರಿಯ ಸ್ಥಳಗಳನ್ನು ವಿವರಿಸುವ ಕೈಪಿಡಿಯನ್ನೂ ಅವರು ಸಿದ್ಧಪಡಿಸಿದರು. ಮರುವರ್ಷ ಸ್ಕಾಟ್‌ಲೆಂಡ್ ಪ್ರವಾಸಗಳು ಆರಂಭವಾದವು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಸುಮಾರು 1,50,000 ಜನರು ಕುಕ್ ಅವರ ಮೂಲಕ ಪ್ರಯಾಣ ಮಾಡಿದರು.

ವಿದೇಶ ಪ್ರವಾಸಗಳು

1855ರಲ್ಲಿ, ಪ್ಯಾರಿಸ್ ವಸ್ತುಪ್ರದರ್ಶನದ ಸಂದರ್ಭದಲ್ಲಿ, ಕುಕ್ ಮೊದಲ ಬಾರಿಗೆ ಪ್ರವಾಸಿಗರನ್ನು ಯುರೋಪ್ ಖಂಡಕ್ಕೆ ಕರೆದೊಯ್ದರು. ಈ ತಂಡ ಬೆಲ್ಜಿಯಂ ಹಾಗೂ ಜರ್ಮನಿಯ ರೈನ್ ನದೀ ಪ್ರದೇಶವನ್ನು ಸುತ್ತಿ ಪ್ಯಾರಿಸ್ ತಲುಪಿತು. 1863ರಲ್ಲಿ ಸ್ವಿಟ್ಜರ್‌ಲೆಂಡ್, 1864ರಲ್ಲಿ ಇಟಲಿ, 1869ರಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಪ್ರವಾಸಗಳು ಪ್ರಾರಂಭವಾದವು. ಒಂಟಿಯಾಗಿ ದೂರದ ಊರಿಗೆ ಹೋಗಲು ಸಮಾಜ ಒಪ್ಪದಿದ್ದ ಆ ಕಾಲದಲ್ಲಿ ಅನೇಕ ಮಹಿಳೆಯರು ಈ ತಂಡಗಳೊಡನೆ ವಿದೇಶಗಳನ್ನು ಕಂಡರು. ಸಿರಿವಂತರಿಗೆ ಮೀಸಲಾಗಿದ್ದ ತಾಣಗಳಿಗೆ ಸಾಮಾನ್ಯರು ಗುಂಪಾಗಿ ಬರತೊಡಗಿದ್ದನ್ನು ಕಾದಂಬರಿಕಾರ ಚಾರ್ಲ್ಸ್ ಲೀವರ್ ಮೊದಲಾದವರು ಗೇಲಿ ಮಾಡಿದರು. ಪ್ರವಾಸ ಎಲ್ಲರ ಹಕ್ಕು ಎಂಬ ನಿಲುವಿನಿಂದ ಕುಕ್ ಅದನ್ನು ಬಹಿರಂಗವಾಗಿಯೇ ಎದುರಿಸಿದರು.

1872ರಲ್ಲಿ ಅವರು ಮೊದಲ ವಿಶ್ವಪರ್ಯಟನೆಯನ್ನು ಕೈಗೊಂಡರು. ಅಮೆರಿಕ, ಜಪಾನ್, ಚೀನಾ, ಸಿಂಗಪುರ, ಸಿಲೋನ್, ಭಾರತ ಮತ್ತು ಈಜಿಪ್ಟ್ ಮೂಲಕ ಸಾಗಿದ ಈ ಪಯಣ 222 ದಿನಗಳಲ್ಲಿ ಮುಗಿಯಿತು.

ವ್ಯವಹಾರದ ವಿಧಾನ

ರೈಲ್ವೆ ಮತ್ತು ಹಡಗು ಕಂಪನಿಗಳಿಗೆ ಹೆಚ್ಚು ಸಂಖ್ಯೆಯ ಪ್ರಯಾಣಿಕರನ್ನು ಒದಗಿಸಿ, ಅದಕ್ಕೆ ಬದಲಾಗಿ ರಿಯಾಯಿತಿ ಪಡೆಯುವುದು ಸಂಸ್ಥೆಯ ಮೂಲ ತಂತ್ರವಾಗಿತ್ತು. 1868ರಲ್ಲಿ ಹೋಟೆಲ್ ಕೂಪನ್‌ಗಳು ಜಾರಿಗೆ ಬಂದವು. ಪ್ರವಾಸಿಯು ಊರಿನಲ್ಲಿಯೇ ಹಣ ಕಟ್ಟಿ ಕೂಪನ್ ಕೊಂಡರೆ, ವಿದೇಶದ ಹೋಟೆಲಿನಲ್ಲಿ ಅದನ್ನು ಕೊಟ್ಟು ಊಟ, ವಸತಿ ಪಡೆಯಬಹುದಿತ್ತು. ಹೋಟೆಲಿನವರಿಗೆ ಸಂಸ್ಥೆ ನಂತರ ಹಣ ಪಾವತಿಸುತ್ತಿತ್ತು. 1874ರಲ್ಲಿ ಬಂದ ‘ಸರ್ಕ್ಯುಲರ್ ನೋಟ್’ ನಮ್ಮ ಹುಂಡಿಯನ್ನು ಹೋಲುವ ಪತ್ರ. ಇದನ್ನು ವಿದೇಶಗಳಲ್ಲಿ ಸ್ಥಳೀಯ ನಾಣ್ಯಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. ಪ್ರವಾಸಿ ಚೆಕ್ಕುಗಳ ಪೂರ್ವರೂಪಗಳಲ್ಲಿ ಇದೂ ಒಂದು. ಪ್ರವಾಸಿ, ಹೋಟೆಲು, ಬ್ಯಾಂಕು ಈ ಮೂವರೂ ಸಂಸ್ಥೆಯ ಮಾತನ್ನು ನಂಬಿದ್ದರಿಂದಲೇ ಈ ವ್ಯವಸ್ಥೆ ನಡೆಯಿತು.

ವ್ಯವಹಾರ ಚತುರರಾಗಿದ್ದ ಮಗ ಜಾನ್ ಮೇಸನ್ ಕುಕ್ (1834–1899) ಪಾಲುದಾರರಾದ ಬಳಿಕ ಸಂಸ್ಥೆಗೆ ‘ಥಾಮಸ್ ಕುಕ್ ಅಂಡ್ ಸನ್’ ಎಂಬ ಹೆಸರಾಯಿತು. ತಂದೆ ಮಗನ ನಡುವೆ ಭಿನ್ನಾಭಿಪ್ರಾಯ ಬೆಳೆದು, 1870ರ ದಶಕದ ಕೊನೆಯಲ್ಲಿ ತಂದೆ ಆಡಳಿತದಿಂದ ಹಿಂದೆ ಸರಿದರು. ಮಗನ ಕಾಲದಲ್ಲಿ ನೈಲ್ ನದಿಯ ಹಡಗು ಸಂಚಾರ ಸಂಸ್ಥೆಯ ದೊಡ್ಡ ಉದ್ಯಮವಾಯಿತು.

ಭಾರತದಲ್ಲಿ

1881ರಲ್ಲಿ ಮುಂಬಯಿಯಲ್ಲಿ ಸಂಸ್ಥೆಯ ಕಚೇರಿ ತೆರೆಯಿತು. 1886ರಲ್ಲಿ ಬ್ರಿಟಿಷ್ ಭಾರತ ಸರ್ಕಾರವು ಮೆಕ್ಕಾ ಯಾತ್ರಿಕರ ಪ್ರಯಾಣದ ವ್ಯವಸ್ಥೆಯನ್ನು ಇದಕ್ಕೆ ವಹಿಸಿತು. ಆ ಏರ್ಪಾಡು ಕೆಲವು ವರ್ಷಗಳ ನಂತರ ಕೊನೆಗೊಂಡಿತು. ಇಂದಿನ ಥಾಮಸ್ ಕುಕ್ (ಇಂಡಿಯಾ) ಕಂಪನಿಯನ್ನು 2012ರಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹ ಕೊಂಡುಕೊಂಡಿತು. ಹೀಗಾಗಿ 2019ರ ದಿವಾಳಿ ಅದನ್ನು ತಟ್ಟಲಿಲ್ಲ.

ಒಡೆತನದ ಬದಲಾವಣೆಗಳು

1928ರಲ್ಲಿ ಕುಕ್ ಕುಟುಂಬವು ಸಂಸ್ಥೆಯನ್ನು ವ್ಯಾಗನ್-ಲೀ ಎಂಬ ಯುರೋಪಿನ ರೈಲುಬೋಗಿ ಕಂಪನಿಗೆ ಮಾರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಬ್ರಿಟನ್ನಿನ ರೈಲ್ವೆಗಳ ಕೈಸೇರಿ, 1948ರಲ್ಲಿ ರೈಲ್ವೆಯೊಂದಿಗೆ ರಾಷ್ಟ್ರೀಕರಣಗೊಂಡಿತು. 1972ರಲ್ಲಿ ಮತ್ತೆ ಖಾಸಗಿ ಒಡೆತನಕ್ಕೆ ಹೋಯಿತು. 2007ರಲ್ಲಿ ಮೈಟ್ರಾವೆಲ್ ಸಂಸ್ಥೆಯೊಡನೆ ವಿಲೀನವಾಗಿ ಥಾಮಸ್ ಕುಕ್ ಗ್ರೂಪ್ ರೂಪುಗೊಂಡಿತು.

ಪತನ

ಸಾಲ ಮಾಡಿ ಬೆಳೆದ ಸಮೂಹಕ್ಕೆ, ಜನರು ಅಂತರ್ಜಾಲದಲ್ಲಿ ತಾವೇ ವಿಮಾನ, ಹೋಟೆಲುಗಳನ್ನು ಕಾಯ್ದಿರಿಸತೊಡಗಿದ್ದು ದೊಡ್ಡ ಪೆಟ್ಟಾಯಿತು. ಸುಮಾರು 170 ಕೋಟಿ ಪೌಂಡುಗಳ ಸಾಲದೊಂದಿಗೆ ಅದು ಕುಸಿದಾಗ ಸುಮಾರು 21,000 ನೌಕರರ ಜೀವನೋಪಾಯಕ್ಕೆ ಕುತ್ತು ಬಂದಿತು. ಬ್ರಿಟನ್ನಿನ ಸುಮಾರು 1,50,000 ಪ್ರವಾಸಿಗರು ವಿದೇಶಗಳಲ್ಲಿದ್ದರು. ಹಣ ಬರುವ ಭರವಸೆ ತಪ್ಪಿದ್ದರಿಂದ ಕೆಲವು ಹೋಟೆಲುಗಳು ಅತಿಥಿಗಳಿಂದಲೇ ಮತ್ತೆ ಹಣ ಕೇಳಿದವು. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ‘ಆಪರೇಷನ್ ಮ್ಯಾಟರ್‌ಹಾರ್ನ್’ ಎಂಬ ಕಾರ್ಯಾಚರಣೆಯಲ್ಲಿ ಬಾಡಿಗೆ ವಿಮಾನಗಳಿಂದ ಪ್ರವಾಸಿಗರನ್ನು ಕರೆತಂದಿತು. ಪ್ರವಾಸಿಗರ ಮುಂಗಡ ಹಣಕ್ಕೆ ರಕ್ಷಣೆ ನೀಡುವ ‘ಅಟೋಲ್’ ಯೋಜನೆಯಡಿ, ಹೊರಡಬೇಕಿದ್ದ ಗ್ರಾಹಕರ ಹಣವೂ ಮರಳಿತು.

ಸಂಸ್ಥೆಯ 555 ಅಂಗಡಿಗಳನ್ನು ಹೇಸ್ ಟ್ರಾವೆಲ್ ಎಂಬ ಬ್ರಿಟಿಷ್ ಸಂಸ್ಥೆ ವಹಿಸಿಕೊಂಡಿತು. ಥಾಮಸ್ ಕುಕ್ ಎಂಬ ಹೆಸರನ್ನು ಚೀನಾದ ಫೋಸುನ್ ಸಮೂಹ 1.1 ಕೋಟಿ ಪೌಂಡುಗಳಿಗೆ ಖರೀದಿಸಿತು. 2020ರಿಂದ ಆ ಹೆಸರಿನಲ್ಲಿ ಅಂತರ್ಜಾಲ ಆಧಾರಿತ ಪ್ರವಾಸ ಸೇವೆ ಆರಂಭವಾಯಿತು.