ವಿಭಾಗಕ್ಕೊಂದು ಕುಸ್ತಿಯಿಂದ ರಾಜ್ಯಕ್ಕೊಂದು ಕುಸ್ತಿಗೆ

ಜಾತ್ರೆ ಕುಸ್ತಿ ನೋಡಿ ಬೆಳೆದವರಿಗೆ ಈ ಮಾತು ಹೊಸದಲ್ಲ. ನಮ್ಮೂರ ಪಂದ್ಯ ಗೆದ್ದವನೂ ಪೈಲ್ವಾನ, ಪಕ್ಕದೂರ ಪಂದ್ಯ ಗೆದ್ದವನೂ ಪೈಲ್ವಾನ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಅರಳಿಕಟ್ಟೆಯ ಮೇಲೆ ವಾದ ನಡೆಯುತ್ತದೆ. ಇಬ್ಬರೂ ಒಂದೇ ಮಟ್ಟಿಗೆ ಇಳಿಯುವ ತನಕ ಆ ವಾದ ಮುಗಿಯುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹೈಸ್ಕೂಲು ಕುಸ್ತಿಯೂ ಬಹಳ ವರ್ಷ ಹೀಗೇ ಇತ್ತು. ಅಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಸೇರಿದ ಹಾಗೆ. ಶಾಲಾ ಕ್ರೀಡೆಗಳನ್ನು ನಡೆಸುವ ಒಕ್ಕೂಟ ಅಲ್ಲಿ ರಾಜ್ಯವನ್ನು ವಿಭಾಗಗಳಾಗಿ ಹಂಚಿಕೊಂಡಿದೆ. ಇವತ್ತು ಅಂಥ ಹತ್ತು ವಿಭಾಗಗಳಿವೆ. ಪ್ರತಿ ವಿಭಾಗಕ್ಕೂ ಅದರದೇ ಕುಸ್ತಿ, ಅದರದೇ ಚಾಂಪಿಯನ್. ಆದರೆ ಇಡೀ ರಾಜ್ಯಕ್ಕೆ ಒಬ್ಬ ಚಾಂಪಿಯನ್ ಇರಲಿಲ್ಲ.

ಇದಕ್ಕೆ ದೂರವೊಂದೇ ಕಾರಣ ಎನ್ನುವಂತಿಲ್ಲ. ಕ್ಯಾಲಿಫೋರ್ನಿಯಾ ಸಾವಿರ ಕಿಲೋಮೀಟರ್‌ಗೂ ಹೆಚ್ಚು ಉದ್ದದ ರಾಜ್ಯ ಎಂಬುದು ನಿಜ. ಆದರೂ ಓಟ, ಜಿಗಿತದಂಥ ಅಥ್ಲೆಟಿಕ್ಸ್‌ಗೆ ಅಲ್ಲಿ 1915ರಲ್ಲೇ ರಾಜ್ಯಮಟ್ಟದ ಕೂಟ ಶುರುವಾಗಿತ್ತು. ಕುಸ್ತಿಯ ಹುಡುಗರು ಅದಕ್ಕಾಗಿ 1973ರ ತನಕ ಕಾಯಬೇಕಾಯಿತು. ಆ ವರ್ಷ ಮೊದಲ ಬಾರಿಗೆ ಎಲ್ಲ ವಿಭಾಗಗಳ ಗೆದ್ದ ಹುಡುಗರು ಒಂದೇ ರಾಜ್ಯ ಪಂದ್ಯಾವಳಿಗೆ ಬಂದರು.

ಒಂದು ಮಾಡುವುದು ಎಂದರೆ ಹಳೆಯದನ್ನು ಅಳಿಸುವುದಲ್ಲ. ವಿಭಾಗದ ಕುಸ್ತಿ ನಿಲ್ಲಲಿಲ್ಲ, ಅದು ಮೆಟ್ಟಿಲಾಯಿತು. ಅಲ್ಲಿ ಗೆದ್ದವರು ರಾಜ್ಯಕ್ಕೆ ಹೋಗುತ್ತಾರೆ. ಯಾವ ವಿಭಾಗದಿಂದ ಎಷ್ಟು ಜನ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಹೆಚ್ಚು ಶಾಲೆಗಳಿದ್ದು ಕುಸ್ತಿಯಲ್ಲಿ ಗಟ್ಟಿಯಾಗಿರುವ ವಿಭಾಗಕ್ಕೆ ಹೆಚ್ಚು ಜಾಗ, ಸಣ್ಣ ವಿಭಾಗಕ್ಕೆ ಕಡಿಮೆ. ಆದರೆ ಯಾವ ವಿಭಾಗಕ್ಕೂ ಬಾಗಿಲು ಮುಚ್ಚುವುದಿಲ್ಲ.

ಇನ್ನೊಂದು ಒಳ್ಳೆಯ ಏರ್ಪಾಡು ಇದೆ. ಒಂದು ಸಲ ಸೋತ ಕೂಡಲೇ ಹುಡುಗ ಮನೆಗೆ ಹೋಗಬೇಕಿಲ್ಲ. ಸೋತವರ ಸಾಲಿನಲ್ಲಿ ಮತ್ತೆ ಆಡುತ್ತಾನೆ. ಎರಡನೇ ಸಲ ಸೋತರೆ ಮಾತ್ರ ಹೊರಗೆ. ಹಾಗೆ ಗೆಲ್ಲುತ್ತಾ ಹೋದರೆ ಮೂರನೇ ಸ್ಥಾನದವರೆಗೂ ಬರಬಹುದು. ಇಬ್ಬರು ಬಲಿಷ್ಠರು ಮೊದಲ ಸುತ್ತಿನಲ್ಲೇ ಎದುರಾದರೆ ಸೋತವನ ಶ್ರಮ ವ್ಯರ್ಥವಾಗದಿರಲಿ ಎಂದು ಈ ನಿಯಮ.

ಅದರ ಬೆಲೆ ತಿಳಿಯಲು ಸ್ಟೀಫನ್ ನೀಲ್ ಎಂಬವರ ಹೆಸರು ಸಾಕು. ಸ್ಯಾನ್ ಡಿಯಾಗೋದ ಈ ಹುಡುಗ ಹೈಸ್ಕೂಲಿನ ಕೊನೆಯ ವರ್ಷ ರಾಜ್ಯಕ್ಕೆ ನಾಲ್ಕನೆಯವನಾದ. ಮುಂದೆ 1999ರಲ್ಲಿ ವಿಶ್ವ ಚಾಂಪಿಯನ್ ಆದ. ಅದಕ್ಕೂ ಮೊದಲು ಪಾಲೊ ಆಲ್ಟೊ ಊರಿನ ಅಣ್ಣತಮ್ಮಂದಿರು ಡೇವ್ ಮತ್ತು ಮಾರ್ಕ್ ಶುಲ್ಟ್ಜ್ ಈ ಕೂಟದಲ್ಲಿ ಗೆದ್ದಿದ್ದರು. ಅಣ್ಣ 1977ರಲ್ಲಿ, ತಮ್ಮ 1978ರಲ್ಲಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಚಿನ್ನ ತಂದರು.

ಸರಿ, ಹಳ್ಳಿಯ ಸಣ್ಣ ಶಾಲೆಯ ಗತಿ ಏನು? ನಾವು ಇದನ್ನು ಓದುವಾಗ ಮೊದಲು ಕೇಳಿಕೊಂಡ ಪ್ರಶ್ನೆ ಇದೇ. ಕ್ಯಾಲಿಫೋರ್ನಿಯಾದ ರಾಜ್ಯ ಕುಸ್ತಿ ಪಂದ್ಯಾವಳಿಯಲ್ಲಿ ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ಬೇರೆ ಬೇರೆ ದರ್ಜೆ ಇಲ್ಲ. ಮೂರು ಸಾವಿರ ಮಕ್ಕಳಿರುವ ಶಾಲೆಯಾಗಲಿ, ಮುನ್ನೂರು ಮಕ್ಕಳ ಶಾಲೆಯಾಗಲಿ, ಆಡುವುದು ಒಂದೇ ಮ್ಯಾಟ್ ಮೇಲೆ. ಫುಟ್‌ಬಾಲಿನಲ್ಲಿ ಹೀಗೆ ಮಾಡಿದರೆ ಸಣ್ಣ ಶಾಲೆಗೆ ತಂಡ ಕಟ್ಟಲು ಹುಡುಗರೇ ಸಾಲುವುದಿಲ್ಲ. ಕುಸ್ತಿಯಲ್ಲಿ ಎದುರಿಗೆ ನಿಲ್ಲುವವನು ಒಬ್ಬನೇ, ಅವನದೂ ನಮ್ಮಷ್ಟೇ ತೂಕ. ತೂಕದ ಯಂತ್ರ ಶಾಲೆಯ ಹೆಸರು ಕೇಳುವುದಿಲ್ಲ.

ಒಂದಾದ ಮೇಲೆ ಮಹಾನಗರಗಳೇ ಎಲ್ಲವನ್ನೂ ಬಾಚಿಕೊಂಡವು ಎಂದುಕೊಂಡರೆ ತಪ್ಪು. ದ್ರಾಕ್ಷಿ, ಬಾದಾಮಿ, ಹತ್ತಿ ಬೆಳೆಯುವ ರಾಜ್ಯದ ಮಧ್ಯದ ಕಣಿವೆಯೇ ಕುಸ್ತಿಯ ತವರು. ಆ ಕಣಿವೆಯ ಕ್ಲೋವಿಸ್ ಊರಿನ ಶಾಲೆಗಳು ತಂಡ ಪ್ರಶಸ್ತಿಯನ್ನು ಮತ್ತೆ ಮತ್ತೆ ಗೆದ್ದಿವೆ. ರಾಜ್ಯ ಪಂದ್ಯಾವಳಿ ಬಹಳ ವರ್ಷಗಳಿಂದ ನಡೆಯುತ್ತಿರುವುದೂ ಅದೇ ಕಣಿವೆಯ ಬೇಕರ್ಸ್‌ಫೀಲ್ಡ್‌ನಲ್ಲಿ.

ಆದರೆ ಇಲ್ಲಿ ಕಳೆದುಕೊಂಡದ್ದೂ ಇದೆ. ಸಣ್ಣ ಶಾಲೆಯ ಒಬ್ಬ ಹುಡುಗ ಗೆಲ್ಲಬಹುದು, ಇಡೀ ಶಾಲೆ ತಂಡವಾಗಿ ಗೆಲ್ಲುವುದು ಕಷ್ಟ. ಎಲ್ಲ ತೂಕಕ್ಕೂ ಒಳ್ಳೆಯ ಹುಡುಗರಿರುವ ಶಾಲೆಗೇ ಆ ಪ್ರಶಸ್ತಿ. ಅದಕ್ಕೇ ಮೆಕ್ಕೆಜೋಳದ ನಾಡು ಅಯೋವಾ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಗಳನ್ನು ಗಾತ್ರ ನೋಡಿ ಮೂರು ದರ್ಜೆ ಮಾಡಿದ್ದಾರೆ. ಪಂದ್ಯಾವಳಿ ಒಂದೇ ಸೂರಿನಡಿ, ಆದರೆ ಪ್ರತಿ ತೂಕಕ್ಕೂ ಮೂವರು ಚಾಂಪಿಯನ್ನರು.

ಅಯೋವಾದ ಹೆಸರು ಬಂದಾಗ ನಮ್ಮ ರೈತರು ಬಲ್ಲ ಒಬ್ಬರನ್ನು ನೆನೆಯಬೇಕು. ಹಸಿರು ಕ್ರಾಂತಿಯ ಗೋಧಿ ತಳಿಗಳ ನಾರ್ಮನ್ ಬೋರ್ಲಾಗ್ ಆ ರಾಜ್ಯದ ಹಳ್ಳಿಯ ಹುಡುಗ, ಕ್ರೆಸ್ಕೊ ಹೈಸ್ಕೂಲಿನ ಕುಸ್ತಿಪಟು. ಕಾಲೇಜು ಓದಲು ಪಕ್ಕದ ಮಿನೆಸೋಟಾಕ್ಕೆ ಹೋದಾಗ ಅಲ್ಲಿನ ಹೈಸ್ಕೂಲುಗಳಲ್ಲಿ ಪ್ರದರ್ಶನ ಕುಸ್ತಿ ಆಡಿ ತೋರಿಸಿ, ಆಟವನ್ನು ಹರಡಲು ನೆರವಾದರು. ಅಮೆರಿಕದ ಕುಸ್ತಿ ಗೌರವ ಪಟ್ಟಿಯಲ್ಲಿ ಈ ನೊಬೆಲ್ ವಿಜ್ಞಾನಿಯ ಹೆಸರೂ ಇದೆ.

ಒಂದು ಕಡೆ ಮಾತ್ರ ಒಟ್ಟಿಗೆ ಆಡಿಸುವುದೇ ಅನ್ಯಾಯವಾಗಿತ್ತು. ಅದು ಹುಡುಗಿಯರ ವಿಷಯ. ಬೇರೆ ಪಂದ್ಯಾವಳಿ ಇಲ್ಲದ ಕಾರಣ ಕುಸ್ತಿ ಬೇಕೆಂದ ಹುಡುಗಿಯರು ಹುಡುಗರ ಎದುರೇ ಆಡಬೇಕಿತ್ತು. ತೂಕ ಸಮವಾದರೂ ಆ ವಯಸ್ಸಿನಲ್ಲಿ ಮೈಕಟ್ಟು ಸಮ ಇರುವುದಿಲ್ಲ. 1998ರಲ್ಲಿ ಹವಾಯಿ ರಾಜ್ಯ ಹುಡುಗಿಯರಿಗೇ ರಾಜ್ಯ ಪಂದ್ಯಾವಳಿ ತೆರೆಯಿತು. ಕ್ಯಾಲಿಫೋರ್ನಿಯಾ 2011ರಲ್ಲಿ ಅದೇ ದಾರಿಗೆ ಬಂತು. ಮೇರಿಲ್ಯಾಂಡ್‌ನಲ್ಲಿ ಹುಡುಗರ ಜತೆ ಸೆಣಸಿ ಬೆಳೆದ ಹೆಲೆನ್ ಮರೂಲಿಸ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನಮ್ಮ ಸಾಕ್ಷಿ ಮಲಿಕ್ ಕಂಚು ಗೆದ್ದದ್ದೂ ಅದೇ ಕೂಟದಲ್ಲಿ.

ಹಾಗಾದರೆ ಕೂಡಿಸುವುದು ಒಳ್ಳೆಯದೋ, ಬೇರೆ ಇಡುವುದೋ? ನಮಗೆ ಅನಿಸಿದ್ದು ಇಷ್ಟು. ಊರು, ಶಾಲೆ, ದೂರದ ಕಾರಣಕ್ಕೆ ಬೇರೆ ಇಟ್ಟರೆ ಮಕ್ಕಳಿಗೆ ತಮ್ಮ ಬಲ ಎಷ್ಟೆಂದೇ ತಿಳಿಯುವುದಿಲ್ಲ. ಅಲ್ಲಿ ಕೂಡಿಸಬೇಕು. ಮೈಬಲದಲ್ಲೇ ವ್ಯತ್ಯಾಸ ಇದ್ದರೆ ಬೇರೆ ಮಾಡಬೇಕು.

ನಮ್ಮಲ್ಲೂ ಶಾಲಾ ಕ್ರೀಡೆಗೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿವೆ. ನಿಮ್ಮ ಮನೆಯ ಮಗುವೋ, ಪಕ್ಕದ ಮನೆಯ ಮಗುವೋ ಈ ಸಲ ತಾಲ್ಲೂಕಿನಲ್ಲಿ ಗೆದ್ದರೆ ಪೇಟ ಸುತ್ತಿ, ಹಾರ ಹಾಕಿ, ಖಂಡಿತ ಸಂಭ್ರಮಿಸಿ. ಹಾಗೆಯೇ ದೈಹಿಕ ಶಿಕ್ಷಕರ ಹತ್ತಿರ ಹೋಗಿ ಮೂರು ಮಾತು ಕೇಳಿ. ಮುಂದಿನ ಹಂತ ಎಲ್ಲಿ, ಯಾವತ್ತು? ಬಸ್ಸು, ಊಟದ ಖರ್ಚು ಯಾರದು? ಮೊದಲ ಕುಸ್ತಿ ಸೋತರೆ ಇನ್ನೊಂದು ಅವಕಾಶ ಇದೆಯೇ?